‘ನಂದಲಾಲ ಬೋಸ್ ಮತ್ತು ಇತರ ಕಲಾವಿದರು’

ಭಾರತದ ಸಂವಿಧಾನದ ಕೈಬರಹದ ಮೂಲಪ್ರತಿಯನ್ನಾಗಲಿ, ಅದರಿಂದ ತೆಗೆದ ಪಡಿಯಚ್ಚನ್ನಾಗಲಿ ತೆರೆದು ನೋಡುವ ಸುಯೋಗ ದೊರೆತವರು ಪ್ರಸ್ತಾವನೆಯ ಪುಟದ ಮುಂದೆ ಕೊಂಚ ಹೊತ್ತು ನಿಲ್ಲದಿರಲಾರರು. ಆ ಪುಟದ ಮಾತುಗಳು ಎಲ್ಲರಿಗೂ ತಿಳಿದವು. ಮಾತುಗಳ ಸುತ್ತ ಹೆಣೆದುಕೊಂಡಿರುವ ಸೂಕ್ಷ್ಮವಾದ ಅಲಂಕಾರದ ಅಂಚನ್ನು ಗಮನಿಸುವವರು ಅವರಲ್ಲಿ ಕೆಲವರು. ಅಂಚಿನ ಬಲಗಡೆಯ ಕೆಳಮೂಲೆಯಲ್ಲಿ ಅಡಗಿಕೊಂಡಂತಿರುವ ‘ರಾಮ’ ಎಂಬ ದೇವನಾಗರಿಯ ಎರಡಕ್ಷರಗಳನ್ನು ಕಾಣುವವರಂತೂ ತೀರ ವಿರಳ. ಅದನ್ನು ಯಾರಾದರೂ ದೇವರ ಹೆಸರೆಂದು ಬಗೆದರೆ ಅವರದು ದೊಡ್ಡ ತಪ್ಪೇನೂ ಅಲ್ಲ. ಆದರೆ ಅದು ಒಬ್ಬ ತರುಣ ಚಿತ್ರಕಾರನ ಸಹಿ. ಜಬಲ್ಪುರದ ಬ್ಯೋಹಾರ ರಾಮಮನೋಹರ ಸಿಂಹ ಎಂಬ ಆ ತರುಣನಿಗೆ ಆಗ ಇಪ್ಪತ್ತು ವರ್ಷ ತುಂಬಿ ಹೆಚ್ಚು ದಿನಗಳಾಗಿರಲಿಲ್ಲ.

ಅವನಿಗೆ ಆ ಪುಟವನ್ನು ಒಪ್ಪಿಸಿದವರು ಶಾಂತಿನಿಕೇತನದ ಕಲಾಚಾರ್ಯ ನಂದಲಾಲ ಬೋಸರು. ಶಿಷ್ಯರ ಬಾಯಲ್ಲಿ ಅವರು ‘ಮಾಸ್ಟರ್ ಮಶಾಯ್’, ಎಂದರೆ ಮಾಸ್ಟರ್ ಮಹಾಶಯರು. ಇಡೀ ಗ್ರಂಥದ ಚಿತ್ರಾಲಂಕಾರದ ಹೊಣೆ ಅವರ ಮೇಲಿತ್ತು. ಸ್ವತಂತ್ರ ರಾಷ್ಟ್ರವೊಂದರ ಮೂಲಗ್ರಂಥದಲ್ಲಿ ಎಲ್ಲರ ಕಣ್ಣೂ ಮೊದಲು ಬೀಳುವ ಪುಟವನ್ನು ಗುರುವಾದವನು ತಾನೇ ಇಟ್ಟುಕೊಂಡಿದ್ದರೆ ಯಾರೂ ಆಕ್ಷೇಪಿಸುತ್ತಿರಲಿಲ್ಲ. ಅರವತ್ತೇಳರ ವಯಸ್ಸಿನ ಗುರುವು ಇಪ್ಪತ್ತರ ಶಿಷ್ಯನಿಗೆ ಅದನ್ನು ಬಿಟ್ಟುಕೊಟ್ಟರು. ಔದಾರ್ಯವೆಂದು ಇದನ್ನು ಹೊಗಳಿ ಮುಗಿಸಿಬಿಡಬಹುದು. ಆದರೆ ನಂದಲಾಲರ ಮಟ್ಟಿಗೆ ಇದು ನಾಲ್ವತ್ತು ವರ್ಷಗಳ ಅಭ್ಯಾಸವಾಗಿತ್ತು. ಪುಸ್ತಕಕ್ಕೆ, ಗೋಡೆಗೆ, ನಾಟಕದ ರಂಗಕ್ಕೆ, ಕಾಂಗ್ರೆಸ್ಸಿನ ಚಪ್ಪರಕ್ಕೆ ಅವರು ಬರೆದ ಚಿತ್ರಗಳಲ್ಲಿ ಒಬ್ಬರೇ ಕುಳಿತು ಬರೆದು ಮುಗಿಸಿದವು ಎಷ್ಟೋ, ಹತ್ತಾರು ಕೈಗಳು ಸೇರಿ ಆದವೂ ಅಷ್ಟೇ.

ಒಂದೇ ಬೆಂಚಿನ ಇಬ್ಬರು

ನಂದಲಾಲರು ಹುಟ್ಟಿದ್ದು 1882ರ ಡಿಸೆಂಬರ್ 3ರಂದು, ಬಿಹಾರದ ಮುಂಗೇರ್ ಜಿಲ್ಲೆಯ ಖರಗಪುರದಲ್ಲಿ. ತಂದೆ ಪೂರ್ಣಚಂದ್ರ ಬೋಸರು ದರ್ಭಂಗಾ ಸಂಸ್ಥಾನದ ಉದ್ಯೋಗದಲ್ಲಿದ್ದವರು. ತಾಯಿ ಕ್ಷೇತ್ರಮಣಿದೇವಿ ಬೊಂಬೆಗಳನ್ನು ಮಾಡುವುದರಲ್ಲಿ ಕುಶಲೆ. ಹುಡುಗನಿಗೆ ಶಾಲೆಯ ಓದಿಗಿಂತ ವಿಗ್ರಹ ಮಾಡುವ ಕುಂಬಾರರ ಕೈಚಳಕ ಹೆಚ್ಚು ರುಚಿಸುತ್ತಿತ್ತು. ಕಾಲೇಜಿನ ಪರೀಕ್ಷೆಗಳು ಅವನಿಗೆ ಒಲಿಯಲಿಲ್ಲ. ಕಡೆಗೆ ಮನೆಯವರನ್ನು ಒಪ್ಪಿಸಿ ಕಲ್ಕತ್ತೆಯ ಸರ್ಕಾರಿ ಕಲಾಶಾಲೆಯನ್ನು ಸೇರಿದ. ಆಗ ಅಲ್ಲಿ ಹ್ಯಾವೆಲ್ ಸಾಹೇಬರೂ ಅವನೀಂದ್ರನಾಥ ಠಾಕೂರರೂ ಭಾರತೀಯ ಚಿತ್ರಕಲೆಗೆ ಹೊಸ ದಾರಿಯನ್ನು ಹುಡುಕುತ್ತಿದ್ದ ಕಾಲ.

ಅವನೀಂದ್ರನಾಥರ ಶಿಷ್ಯಮಂಡಲಿಗೆ 1909ರಲ್ಲಿ ದೂರದ ಮೈಸೂರಿನಿಂದ ಇನ್ನೊಬ್ಬ ತರುಣ ಬಂದು ಸೇರಿದ. ಅರಮನೆಯ ಚಿತ್ರಕಾರರ ಮನೆತನದವನು. ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯದಲ್ಲಿ ವ್ಯಾಸಂಗಕ್ಕೆ ಬಂದವನು. ಮುಂದೆ ಕನ್ನಡ ನಾಡಿನ ಹೆಸರಾಂತ ವರ್ಣಶಿಲ್ಪಿಯಾದ ಕೆ. ವೆಂಕಟಪ್ಪನವರೇ ಆ ತರುಣ. ಬಂಗಾಳದ ನಂದಲಾಲ, ಮೈಸೂರಿನ ವೆಂಕಟಪ್ಪ, ಇಬ್ಬರೂ ಒಂದೇ ಗುರುವಿನ ಬಳಿ ಕಲಿತರು. ಇಬ್ಬರ ಗೆರೆಯೂ ಮೊದಮೊದಲು ಒಂದೇ ಬಗೆಯ ನಯ ನಾಜೂಕಿನದಾಗಿತ್ತು.

ಅದೇ ಸುಮಾರಿಗೆ ಇಂಗ್ಲೆಂಡಿನ ಲೇಡಿ ಕ್ರಿಸ್ಟಿಯಾನಾ ಹೆರಿಂಗ್ಹ್ಯಾಮ್ ಎಂಬ ಕಲಾವಿದೆ ಅಜಂತೆಯ ಭಿತ್ತಿಚಿತ್ರಗಳು ಅಳಿದುಹೋಗುವ ಮೊದಲು ಅವುಗಳ ಪ್ರತಿ ತೆಗೆಯಬೇಕೆಂದು ಹೊರಟಿದ್ದರು. ಸೋದರಿ ನಿವೇದಿತಾ ಅವರ ಒತ್ತಾಸೆಯಿಂದ ಅವನೀಂದ್ರನಾಥರು ತಮ್ಮ ಶಿಷ್ಯರನ್ನು ಆಕೆಯ ನೆರವಿಗೆ ಕಳುಹಿಸಿದರು. ನಂದಲಾಲ, ಅಸಿತಕುಮಾರ ಹಾಲ್ದಾರ, ಸಮರೇಂದ್ರನಾಥ ಗುಪ್ತ, ವೆಂಕಟಪ್ಪ ಇವರೆಲ್ಲರೂ ಆ ಬಳಗದಲ್ಲಿದ್ದರು. ಹೈದರಾಬಾದಿನಿಂದ ಬಂದ ಚಿತ್ರಕಾರರೂ ಜತೆಗೂಡಿದರು. ಗುಹೆಗಳ ಕತ್ತಲಿನಲ್ಲಿ ನಿಂತು, ಉದುರುತ್ತಿರುವ ಗಾರೆಯ ಮೇಲಿನ ಗೆರೆಗಳನ್ನು ಒಂದೊಂದಾಗಿ ಹಾಳೆಗೆ ಇಳಿಸಿಕೊಳ್ಳುವ ಕೆಲಸ ಅದು. ಈ ಪ್ರತಿಗಳು 1915ರಲ್ಲಿ ಲಂಡನ್ನಿನಲ್ಲಿ ಗ್ರಂಥರೂಪವಾಗಿ ಹೊರಬಂದವು.

ಅಜಂತೆಯಲ್ಲಿ ಕಲಿತದ್ದೇನು? ಗೆರೆಯ ಬನಿ, ಬಣ್ಣದ ಹದ ಇವುಗಳನ್ನು ಎಲ್ಲರೂ ಹೇಳುತ್ತಾರೆ. ಅಲ್ಲಿನ ಇನ್ನೊಂದು ಪಾಠ ನಂದಲಾಲರ ಮುಂದಿನ ಬಾಳನ್ನು ನೋಡಿದಾಗ ಮಾತ್ರ ತಿಳಿಯುತ್ತದೆ. ಅಷ್ಟು ದೊಡ್ಡ ಚಿತ್ರಸಂಪತ್ತನ್ನು ಯಾವನೋ ಒಬ್ಬನು ಬರೆದುದಲ್ಲ. ಒಬ್ಬನು ರೂಪರೇಖೆ ಹಾಕಿರಬೇಕು, ಮತ್ತೊಬ್ಬನು ಬಣ್ಣ ತುಂಬಿರಬೇಕು, ಬಳ್ಳಿಯ ಅಂಚನ್ನು ಎಳೆಯುವವನು ಇನ್ನಾವನೋ ಇದ್ದಿರಬೇಕು. ಅವರ ಹೆಸರು ಇಂದು ಯಾರಿಗೂ ಬೇಕಾಗಿಲ್ಲ, ಚಿತ್ರವಿದೆ.

ಅಜಂತೆಯಿಂದ ಹಿಂದಿರುಗಿದ ಮೇಲೆ ಈ ಗೆಳೆಯರು ಒಂದು ಪುಸ್ತಕಕ್ಕಾಗಿ ಮತ್ತೆ ಒಟ್ಟುಗೂಡಿದರು. ಹಿಂದೂ ಮತ್ತು ಬೌದ್ಧ ಪುರಾಣಕಥೆಗಳನ್ನು ಇಂಗ್ಲಿಷಿನಲ್ಲಿ ಹೇಳುವ ಗ್ರಂಥವೊಂದನ್ನು ಸೋದರಿ ನಿವೇದಿತಾ ಬರೆಯತೊಡಗಿ 1911ರಲ್ಲಿ ತೀರಿಕೊಂಡಿದ್ದರು. ಆನಂದ ಕುಮಾರಸ್ವಾಮಿಯವರು ಅದನ್ನು ಪೂರ್ಣಗೊಳಿಸಿದರು. 1913ರಲ್ಲಿ ಅದು ಪ್ರಕಟವಾದಾಗ ಅದರಲ್ಲಿ 32 ವರ್ಣಚಿತ್ರಗಳಿದ್ದವು. ಅವನೀಂದ್ರನಾಥರ ಮೇಲ್ವಿಚಾರಣೆಯಲ್ಲಿ ಅವರ ಶಿಷ್ಯರು ಅವನ್ನು ಹಂಚಿಕೊಂಡು ಬರೆದಿದ್ದರು. ರಾಮಾಯಣದ ಹಲವು ಚಿತ್ರಗಳು ವೆಂಕಟಪ್ಪನವರ ಕುಂಚದವು. ಹಾಲಾಹಲವನ್ನು ಕುಡಿಯುವ ಶಿವ ನಂದಲಾಲರದು.

ಕವಿಯ ಜತೆಗಾರ

1920ರ ಸುಮಾರಿಗೆ ನಂದಲಾಲರು ಕಲ್ಕತ್ತೆಯನ್ನು ಬಿಟ್ಟು ರವೀಂದ್ರನಾಥರ ಶಾಂತಿನಿಕೇತನದಲ್ಲಿ ನೆಲೆಸಿದರು. 1951ರವರೆಗೆ ಅಲ್ಲಿನ ಕಲಾಭವನವೇ ಅವರ ಮನೆಯಾಯಿತು. ಕವಿಯ ನಾಟಕಗಳಿಗೆ ರಂಗಸಜ್ಜಿಕೆ, ಉತ್ಸವಗಳಿಗೆ ನೆಲದ ಮೇಲಿನ ಅಲ್ಪನಾ, ಪುಸ್ತಕಗಳಿಗೆ ಚಿತ್ರ, ಕಟ್ಟಡಗಳಿಗೆ ಭಿತ್ತಿಶೋಭೆ, ಹೀಗೆ ಮಾಡಬೇಕಾದ ಕೆಲಸ ದಿನಕ್ಕೊಂದು ಹುಟ್ಟುತ್ತಿತ್ತು. ಯಾವುದನ್ನೂ ಅವರು ಕೀಳೆಂದು ತಳ್ಳಲಿಲ್ಲ. ಹೊರಸಂಚಾರಕ್ಕೆ ಹೊರಟರೆ ಜೇಬಿನಲ್ಲಿ ಬರಿಯ ಕಾರ್ಡುಗಳ ಕಟ್ಟು. ದಾರಿಯಲ್ಲಿ ಕಂಡ ಮೇಕೆ, ತಾಳೆಮರ, ಸಂತಾಲ ಹೆಂಗಸು ಎಲ್ಲವೂ ಅದರ ಮೇಲೆ ಮೂಡಿ, ಅಂಚೆಯ ಮೂಲಕ ಶಿಷ್ಯರಿಗೋ ಗೆಳೆಯರಿಗೋ ತಲಪುತ್ತಿದ್ದವು.

1930ರಲ್ಲಿ ರವೀಂದ್ರನಾಥರು ಬಂಗಾಳದ ಎಳೆಯ ಮಕ್ಕಳಿಗಾಗಿ ‘ಸಹಜ ಪಾಠ’ವೆಂಬ ಅಕ್ಷರಪುಸ್ತಕವನ್ನು ಎರಡು ಭಾಗಗಳಲ್ಲಿ ಹೊರತಂದರು. ಅಕ್ಷರಕ್ಕೆ ತಕ್ಕ ಪುಟ್ಟ ಪದ್ಯ ಕವಿಯದು, ಪದ್ಯಕ್ಕೆ ತಕ್ಕ ಚಿತ್ರ ನಂದಲಾಲರದು. ಈ ಚಿತ್ರಗಳಿಗಾಗಿ ಅವರು ಆರಿಸಿಕೊಂಡದ್ದು ಲಿನೋ ಕೆತ್ತನೆಯ ವಿಧಾನ. ನೆಲಕ್ಕೆ ಹಾಸುವ ಲಿನೋಲಿಯಂ ಹಾಳೆಯ ಮೇಲೆ ಚಾಣದಿಂದ ಕೆತ್ತಿದರೆ ಕೆತ್ತಿದ ಭಾಗ ಬಿಳಿದಾಗಿಯೂ ಉಳಿದ ಭಾಗ ಕಪ್ಪಾಗಿಯೂ ಅಚ್ಚಾಗುತ್ತದೆ. ಬಣ್ಣದ ಖರ್ಚಿಲ್ಲ, ಅಚ್ಚಿನ ಮೊಳೆಗಳ ಜತೆಗೇ ಮುದ್ರಿಸಬಹುದು, ಪುಸ್ತಕದ ಬೆಲೆ ಬಡವನ ಕೈಗೆಟುಕುತ್ತದೆ. ದೊಡ್ಡ ಕಪ್ಪು ಆಕಾರಗಳಾದ್ದರಿಂದ ಆರು ವರ್ಷದ ಮಗುವಿನ ಕಣ್ಣೂ ತಡವರಿಸುವುದಿಲ್ಲ. ತಲೆಮಾರುಗಳ ಬಂಗಾಳಿ ಮಕ್ಕಳು ಓದು ಕಲಿತದ್ದು ಈ ಪುಟಗಳ ಮೇಲೆ ಬೆರಳಿಟ್ಟು. ದೊಡ್ಡ ಕಲಾವಿದನೊಬ್ಬನು ಅಕ್ಷರಮಾಲೆಯ ಪುಸ್ತಕಕ್ಕೆ ಇಷ್ಟು ಶ್ರದ್ಧೆಯಿಂದ ದುಡಿದ ಉದಾಹರಣೆ ನಮ್ಮ ದೇಶದಲ್ಲಿ ಹೆಚ್ಚಿಲ್ಲವೆಂದು ವಿಷಾದದಿಂದಲೇ ಹೇಳಬೇಕಾಗಿದೆ.

ಅದೇ ವರ್ಷ ಗಾಂಧೀಜಿ ದಂಡಿಗೆ ನಡೆದರು. ಕೋಲೂರಿ ಮುಂದಡಿಯಿಡುವ ಮುದುಕನೊಬ್ಬನನ್ನು ನಂದಲಾಲರು ಅದೇ ಲಿನೋ ಹಾಳೆಯಲ್ಲಿ, ಕಪ್ಪು ಹಿನ್ನೆಲೆಯ ಮೇಲೆ ಬಿಳಿಯ ಗೆರೆಗಳಿಂದ ಕೆತ್ತಿದರು. ‘ಬಾಪೂಜಿ’ ಎಂಬ ಹೆಸರೂ 1930ರ ಏಪ್ರಿಲ್ 12ರ ತಾರೀಖೂ ಅದರಲ್ಲಿವೆ. ಒಂದು ಫಲಕದಿಂದ ಎಷ್ಟು ಪ್ರತಿಗಳನ್ನಾದರೂ ಒತ್ತಬಹುದಾದ್ದರಿಂದ ಆ ಚಿತ್ರ ಶ್ರೀಮಂತನ ಬೈಠಕ್‌ಖಾನೆಗೆ ಸೀಮಿತವಾಗಲಿಲ್ಲ. ಗಾಂಧೀಜಿಯೆಂದೊಡನೆ ಇಂದೂ ಕಣ್ಣ ಮುಂದೆ ನಿಲ್ಲುವ ರೂಪಗಳಲ್ಲಿ ಅದು ಮುಖ್ಯವಾದುದು.

ಕವಿಯೊಡನೆ ಕೆಲಸ ಮಾಡುವಾಗ ಯಾವಾಗಲೂ ಮಾತೇ ಮೊದಲು ಬರಬೇಕೆಂಬ ನಿಯಮವೇನಿರಲಿಲ್ಲ. 1933ರಲ್ಲಿ ಪ್ರಕಟವಾದ ‘ವಿಚಿತ್ರಿತಾ’ದಲ್ಲಿ ಚಿತ್ರಗಳೇ ಮೊದಲು ಹುಟ್ಟಿದವು, ಹಲವು ಕಲಾವಿದರು ಬರೆದ ಚಿತ್ರಗಳನ್ನು ನೋಡಿ ರವೀಂದ್ರನಾಥರು ಕವಿತೆಗಳನ್ನು ರಚಿಸಿದರು. ಐವತ್ತು ತುಂಬಿದ ನಂದಲಾಲರಿಗೇ ಕವಿ ಆ ಪುಸ್ತಕವನ್ನು ಆಶೀರ್ವಾದಪೂರ್ವಕವಾಗಿ ಅರ್ಪಿಸಿದರು. ಚಿತ್ರಕಾರನು ಕವಿಯ ಹಿಂದೆ ನಡೆಯುವ ಸೇವಕನಲ್ಲ, ಪಕ್ಕದಲ್ಲಿ ನಡೆಯುವ ಜತೆಗಾರ ಎಂಬುದನ್ನು ಇದಕ್ಕಿಂತ ಚೆನ್ನಾಗಿ ಯಾವ ಭಾಷಣದಲ್ಲೂ ಹೇಳಲಾಗದು.

ಶಿಷ್ಯರ ವಿಷಯದಲ್ಲಿಯೂ ಅವರ ನಡವಳಿಕೆ ಹೀಗೆಯೇ ಇತ್ತು. ಕಲಾಭವನದ ಆವರಣದಲ್ಲಿ ‘ಕಾಲೋ ಬಾಡಿ’ ಎಂಬ ಕರಿಯ ಮನೆಯೊಂದಿದೆ. ಅದರ ಗೋಡೆ ಮಣ್ಣಿನದು. ಮಳೆಗೆ ಕರಗದಂತೆ ಡಾಂಬರು ಬಳಿದದ್ದು. ಅಲ್ಲಿನ ಉಬ್ಬುಚಿತ್ರಗಳನ್ನು 1930ರ ದಶಕದಲ್ಲಿ ಗುರುಶಿಷ್ಯರು ಕೂಡಿಯೇ ಮಾಡಿದರು. ರಾಮಕಿಂಕರ ಬೈಜ್, ಬಿನೋದಬಿಹಾರಿ ಮುಖರ್ಜಿ ಇವರು ನಂದಲಾಲರ ಗರಡಿಯಲ್ಲಿ ಪಳಗಿದವರೇ ಆದರೂ ಇಬ್ಬರಲ್ಲೊಬ್ಬರೂ ಗುರುವಿನಂತೆ ಬರೆಯಲಿಲ್ಲ. ಬಿನೋದಬಿಹಾರಿಯವರಿಗೆ ಹುಟ್ಟಿನಿಂದಲೇ ದೃಷ್ಟಿ ಮಂದ. ಅಂಥವರೂ ಅಲ್ಲಿ ಚಿತ್ರಕಾರರಾಗಿಯೇ ಬೆಳೆದರು. ಮುಂದೆ ಚಲನಚಿತ್ರದಲ್ಲಿ ಹೆಸರಾದ ಸತ್ಯಜಿತ್ ರಾಯ್ ಕೂಡ 1940ರಲ್ಲಿ ಅಲ್ಲಿಗೆ ಬಂದು ಎರಡು ವರ್ಷ ಕಲಿತವರು. ಮರವನ್ನು ಬರೆಯುವಾಗ ಕುಂಚ ಬುಡದಿಂದ ಮೇಲಕ್ಕೆ ಏರಬೇಕು, ಏಕೆಂದರೆ ಮರ ಬೆಳೆಯುವುದು ಹಾಗೆ ಎಂದು ಮಾಸ್ಟರ್ ಮಶಾಯ್ ಹೇಳಿಕೊಡುತ್ತಿದ್ದರಂತೆ.

ವಿಠ್ಠಲನಗರದ ಬಾಗಿಲುಗಳು

ನಂದಲಾಲರ ಸಹಕಾರದ ಕೆಲಸಕ್ಕೆ ನಿಜವಾದ ಪರೀಕ್ಷೆ ಒದಗಿದ್ದು ಗಾಂಧೀಜಿಯವರಿಂದ. 1936ರಲ್ಲಿ ಲಖ್ನೋ ಕಾಂಗ್ರೆಸ್ಸಿನ ಕಲಾಪ್ರದರ್ಶನವನ್ನು ಅವರು ಅಣಿಗೊಳಿಸಿದ್ದರು. ಅದೇ ವರ್ಷದ ಕೊನೆಗೆ ಮಹಾರಾಷ್ಟ್ರದ ಫೈಜಪುರದಲ್ಲಿ ಮೊದಲ ಬಾರಿಗೆ ಹಳ್ಳಿಯೊಂದರಲ್ಲಿ ಅಧಿವೇಶನ ನಡೆಯಬೇಕಾಗಿ ಬಂದಾಗ, ಇಡೀ ನಗರವನ್ನೇ ಸಿಂಗರಿಸಿ ನಿಲ್ಲಿಸುವ ಕೆಲಸ ಅವರ ಪಾಲಿಗೆ ಬಂತು. ತಾವು ಚಿತ್ರಕಾರರೇ ಹೊರತು ವಾಸ್ತುಶಿಲ್ಪಿಯಲ್ಲವೆಂದು ನಂದಲಾಲರು ಹಿಂಜರಿದರು. ನುರಿತ ಪಿಯಾನೋ ವಾದಕ ಬೇಕಾಗಿಲ್ಲ, ಮನಸ್ಸಿಟ್ಟು ಬಾರಿಸುವ ಪಿಟೀಲಿನವನು ಸಾಕು ಎಂಬರ್ಥದ ಉತ್ತರ ಗಾಂಧೀಜಿಯಿಂದ ಬಂತು. ಮುಂದೆ ಮಾತಿಲ್ಲ. ಬಿದಿರು ಮುಂತಾಗಿ ಸುತ್ತಮುತ್ತ ಸಿಗುವ ವಸ್ತುಗಳಿಂದಲೇ ಎಲ್ಲವೂ ಎದ್ದು ನಿಂತಿತು.

ಅದಕ್ಕೂ ದೊಡ್ಡದು 1938ರ ಫೆಬ್ರವರಿಯ ಹರಿಪುರ ಅಧಿವೇಶನ. ಗುಜರಾತಿನ ಬಾರ್ಡೋಲಿ ಸೀಮೆಯ ಹಳ್ಳಿ ಅದು. ಅಧಿವೇಶನದ ನಗರಕ್ಕೆ ವಿಠ್ಠಲಭಾಯಿ ಪಟೇಲರ ನೆನಪಿಗಾಗಿ ವಿಠ್ಠಲನಗರವೆಂದು ಹೆಸರಿಟ್ಟಿದ್ದರು. ಅಧ್ಯಕ್ಷರು ಸುಭಾಷಚಂದ್ರ ಬೋಸರು. ಅವರ ಮೆರವಣಿಗೆಗೆಂದು 51 ಎತ್ತುಗಳನ್ನು ಹೂಡಿದ ರಥವನ್ನು ಸಿಂಗರಿಸಿದವರು ಗುಜರಾತಿನ ಕನು ದೇಸಾಯಿ, ಅವರೂ ಶಾಂತಿನಿಕೇತನದಲ್ಲಿ ಕಲಿತವರು. ಹಳ್ಳಿಯ ಜನ ಬಂದು ಹೋಗುವ ದಾರಿಯಲ್ಲಿಯೇ ಕಲೆ ಅವರ ಕಣ್ಣಿಗೆ ಬೀಳಬೇಕು, ಟಿಕೀಟು ಕೊಟ್ಟು ಒಳಹೊಕ್ಕು ನೋಡುವಂಥದಾಗಬಾರದು ಎಂಬುದು ಗಾಂಧೀಜಿಯ ಅಪೇಕ್ಷೆ.

ನಂದಲಾಲರು ಇದಕ್ಕೆ ಕಂಡುಕೊಂಡ ಉಪಾಯ ಬಹಳ ಸರಳ. ಒಣಹುಲ್ಲಿನ ರಟ್ಟಿನ ಮೇಲೆ ಕೈಕಾಗದವನ್ನು ಅಂಟಿಸಿದ, ಸುಮಾರು ಎರಡಡಿಯ ಫಲಕಗಳು. ಹಲವದರಲ್ಲಿ ಚಿತ್ರದ ಸುತ್ತ ಕಮಾನಿನ ಚೌಕಟ್ಟು. ಕಾವಿ, ಹಳದಿ, ಹಸಿರು, ನೀಲಿ ಮೊದಲಾದ ಕೆಲವೇ ಬಣ್ಣಗಳನ್ನು ಅಗಲವಾಗಿ ಬಳಿದು, ಅದರ ಮೇಲೆ ದಪ್ಪ ಕುಂಚದ ಕಪ್ಪು ಗೆರೆಯನ್ನು ಒಂದೇ ಓಟದಲ್ಲಿ ಎಳೆಯುವುದು. ತಿದ್ದುವುದಕ್ಕೆ ಸಮಯವೂ ಇಲ್ಲ, ಅಗತ್ಯವೂ ಇಲ್ಲ. ವಸ್ತುವೆಲ್ಲವೂ ಹಳ್ಳಿಯ ಬಾಳಿನದೇ: ಡೋಲು ಬಾರಿಸುವವನು, ಬಡಗಿ, ಬತ್ತ ಕುಟ್ಟುವ ಹೆಂಗಸರು, ಬೇಟೆಗಾರ, ಕುಸ್ತಿಯ ಜಟ್ಟಿಗಳು, ಹೋರಿ. ರಾಜಕೀಯ ಸಭೆಯ ಬಾಗಿಲುಗಳಲ್ಲಿ ಒಬ್ಬ ನಾಯಕನ ಮುಖವೂ ಇಲ್ಲದೆ, ಘೋಷಣೆಯ ಒಂದು ಅಕ್ಷರವೂ ಇಲ್ಲದೆ, ಡೋಲಿನವನೂ ಬಡಗಿಯೂ ನಿಂತುಕೊಂಡದ್ದನ್ನು ಊಹಿಸಿಕೊಳ್ಳಬೇಕು! ಸಭೆಗೆ ಬಂದ ರೈತ ಬಾಗಿಲಲ್ಲಿ ಮೊದಲು ಕಂಡದ್ದು ತನ್ನನ್ನೇ.

ಹೀಗೆ ಸಿದ್ಧವಾದ ಫಲಕಗಳು ಸುಮಾರು 400. ಅವುಗಳಲ್ಲಿ ನಂದಲಾಲರು ತಾವಾಗಿ ರಚಿಸಿದವು ಎಂಬತ್ತಕ್ಕೆ ತುಸು ಮೇಲೆ. ಉಳಿದವು ಅವನ್ನು ನೋಡಿ ಶಿಷ್ಯರೂ ಸಹಾಯಕರೂ ಬರೆದವು. ಕೆಲವು ವಾರಗಳಲ್ಲಿ ಮುಗಿಯಬೇಕಾಗಿದ್ದ ಕೆಲಸವಾದ್ದರಿಂದ ಒಬ್ಬರ ಕೈ ದಣಿದಾಗ ಇನ್ನೊಬ್ಬರ ಕೈ ಮುಂದುವರಿಯಬೇಕಾಗಿತ್ತು. ಮೂಲ ಯಾವುದು, ಪ್ರತಿ ಯಾವುದು ಎಂಬ ಪ್ರಶ್ನೆ ಆ ದಿನ ವಿಠ್ಠಲನಗರದ ಬಾಗಿಲಲ್ಲಿ ಹಾದುಹೋದ ಲಕ್ಷಾಂತರ ಜನರಲ್ಲಿ ಒಬ್ಬನ ಮನಸ್ಸಿಗೂ ಬಂದಿರಲಾರದು. ಆ ಪ್ರಶ್ನೆ ಹುಟ್ಟಿದ್ದು ಬಹಳ ಕಾಲದ ಮೇಲೆ, ಆ ಫಲಕಗಳು ವಸ್ತುಸಂಗ್ರಹಾಲಯದ ಗಾಜಿನ ಹಿಂದೆ ಹೋದಾಗ. ಅಧಿವೇಶನ ಮುಗಿದೊಡನೆ ಹರಿದುಹೋಗಬಹುದಾಗಿದ್ದ ಆ ಅಗ್ಗದ ಕಾಗದಗಳಲ್ಲಿ ಹಲವು ಉಳಿದುಬಂದು, 2019ರಲ್ಲಿ ಇಟಲಿಯ ವೆನಿಸ್ ನಗರದ ಅಂತರರಾಷ್ಟ್ರೀಯ ಕಲಾಮೇಳದ ಭಾರತೀಯ ವಿಭಾಗದಲ್ಲಿಯೂ ಪ್ರದರ್ಶಿತವಾದವು.

ಹರಿಪುರದ ಮರುವರ್ಷ ಬರೋಡೆಯ ಕೀರ್ತಿಮಂದಿರದ ಗೋಡೆಗಳ ಕೆಲಸ ಆರಂಭವಾಯಿತು. ಗಂಗಾವತರಣ, ಮೀರಾಬಾಯಿ ಮೊದಲಾದ ಚಿತ್ರಗಳನ್ನು ಬರೆಯಲು ನಂದಲಾಲರು ಶಿಷ್ಯರೊಡನೆ ಹಲವು ಬಾರಿ ಅಲ್ಲಿಗೆ ಹೋಗಿಬಂದರು. 1946ರ ಹೊತ್ತಿಗೆ ನಾಲ್ಕು ಗೋಡೆಗಳೂ ತುಂಬಿದವು.

ಸಂವಿಧಾನದ ಅಂಚು

ಸ್ವಾತಂತ್ರ್ಯ ಬಂತು. ಸಂವಿಧಾನ ಸಿದ್ಧವಾಯಿತು. ಅದನ್ನು ಮೊಳೆಯಚ್ಚಿನಲ್ಲಿ ಮುದ್ರಿಸದೆ ಹಿಂದಿನ ಕಾಲದ ಹಸ್ತಪ್ರತಿಗಳಂತೆ ಕೈಯಲ್ಲಿ ಬರೆಯಿಸಿ, ಚಿತ್ರಗಳಿಂದ ಸಿಂಗರಿಸಬೇಕೆಂದು ನಿರ್ಧಾರವಾಯಿತು. ಇಂಗ್ಲಿಷ್ ಪ್ರತಿಯನ್ನು ಬರೆದವರು ದೆಹಲಿಯ ಸುಂದರ ಲಿಪಿಕಾರ ಪ್ರೇಮ್ ಬಿಹಾರಿ ನಾರಾಯಣ ರಾಯ್‌ಜಾದಾ. ಹಿಂದಿ ಪ್ರತಿಯನ್ನು ಬರೆದವರು ವಸಂತ ಕೃಷ್ಣ ವೈದ್ಯರು. ರಾಯ್‌ಜಾದಾ ಅವರಿಗೆ ಲಿಪಿವಿದ್ಯೆ ಬಂದದ್ದು ಅಜ್ಜನಿಂದ. ಸಂಭಾವನೆ ಎಷ್ಟು ಬೇಕೆಂದು ನೆಹರೂ ಕೇಳಿದಾಗ, ಒಂದು ಕಾಸೂ ಬೇಡ, ಆದರೆ ಪ್ರತಿ ಪುಟದಲ್ಲಿಯೂ ತನ್ನ ಹೆಸರಿರಬೇಕು, ಕೊನೆಯ ಪುಟದಲ್ಲಿ ಅಜ್ಜನ ಹೆಸರೂ ಇರಬೇಕು ಎಂದರೆಂಬುದು ಪ್ರಸಿದ್ಧವಾದ ಸಂಗತಿ. ಸುಮಾರು 22 ಅಂಗುಲ ಉದ್ದ, 16 ಅಂಗುಲ ಅಗಲದ ಹಾಳೆಗಳ ಮೇಲೆ ಆರು ತಿಂಗಳ ಕಾಲ ಬರವಣಿಗೆ ನಡೆಯಿತು. ನೂರಾರು ನಿಬ್ಬುಗಳು ಸವೆದವು.

ಹಾಳೆಗಳ ಸಿಂಗಾರ ನಡೆದದ್ದು ಶಾಂತಿನಿಕೇತನದಲ್ಲಿ. ನಂದಲಾಲರು 22 ಭಾಗಗಳ ತಲೆಗೆ 22 ಚಿತ್ರಗಳನ್ನು ಯೋಜಿಸಿದರು. ಅವುಗಳನ್ನು ಒಂದರ ನಂತರ ಒಂದಾಗಿ ನೋಡುತ್ತ ಹೋದರೆ ದೇಶದ ಚರಿತ್ರೆಯೇ ತೆರೆದುಕೊಳ್ಳುತ್ತದೆ. ಮೊದಲನೆಯದು ಮೊಹೆಂಜೊದಾರೊ ಮುದ್ರೆಯ ಗೂಳಿ. ಅಲ್ಲಿಂದ ಮುಂದೆ ವೇದಕಾಲದ ಗುರುಕುಲ. ಮೂಲಭೂತ ಹಕ್ಕುಗಳ ಭಾಗದ ತಲೆಯಲ್ಲಿ ಲಂಕೆಯಿಂದ ಮರಳುವ ರಾಮ, ಸೀತೆ, ಲಕ್ಷ್ಮಣರು. ಅದರ ಮುಂದಿನ ಭಾಗಕ್ಕೆ ಗೀತೆಯ ಕೃಷ್ಣಾರ್ಜುನರು. ಬುದ್ಧ, ಮಹಾವೀರ, ಅಶೋಕ, ನಾಲಂದಾ, ನಟರಾಜ, ಮಹಾಬಲಿಪುರದ ಭಗೀರಥ, ಅಕ್ಬರ್, ಶಿವಾಜಿ, ಗುರು ಗೋವಿಂದಸಿಂಹ. ಹದಿನಾರನೆಯ ಭಾಗದ ತಲೆಯಲ್ಲಿ ಝಾನ್ಸಿಯ ರಾಣಿ ಲಕ್ಷ್ಮೀಬಾಯಿಯೊಡನೆ ಮೈಸೂರಿನ ಟಿಪ್ಪು ಸುಲ್ತಾನನಿದ್ದಾನೆ. ಆಮೇಲೆ ದಂಡಿಯ ಗಾಂಧಿ, ನವಖಾಲಿಯ ಗಾಂಧಿ, ನೇತಾಜಿ. ಕಡೆಯ ಮೂರು ಚಿತ್ರಗಳಲ್ಲಿ ಚರಿತ್ರೆಯ ಯಾವ ಪುರುಷನೂ ಇಲ್ಲ: ಹಿಮಾಲಯ, ಮರಳುಗಾಡು, ಕಡಲು. ಐದು ಸಾವಿರ ವರ್ಷಗಳ ಕಥೆಯನ್ನು ಹೇಳಿ, ಕಡೆಯಲ್ಲಿ ಬರಿಯ ನೆಲ ನೀರುಗಳನ್ನು ಉಳಿಸಿದ ಈ ಯೋಜನೆ ಅರವತ್ತೇಳರ ಮುದುಕನದೆಂಬುದನ್ನು ನೆನೆದಾಗ ಮನಸ್ಸು ತುಂಬಿಬರುತ್ತದೆ.

ಯೋಜನೆ ಒಬ್ಬರದು, ಕುಂಚಗಳು ಹಲವು. ರಾಮಮನೋಹರ ಸಿಂಹ, ರಾಜಸ್ಥಾನದ ಕೃಪಾಲಸಿಂಹ ಶೇಖಾವತ್, ಮಧ್ಯಪ್ರದೇಶದ ದೀನಾನಾಥ ಭಾರ್ಗವ, ತೆಂಕಣದ ಎ. ಪೆರುಮಾಳ್ ಮೊದಲಾದ ಶಿಷ್ಯರು ಬಳಗದಲ್ಲಿದ್ದರು. ನಂದಲಾಲರ ಮಗ ವಿಶ್ವರೂಪ ಬೋಸ್, ಹೆಣ್ಣುಮಕ್ಕಳಾದ ಗೌರಿ ಭಂಜ ಮತ್ತು ಜಮುನಾ ಸೇನ್ ಕೂಡ ಕೈಹಚ್ಚಿದರು. ಗೌರಿಯವರ ಹೆಸರನ್ನು ಇಲ್ಲಿ ತುಸು ನಿಂತು ಹೇಳಬೇಕು. ರವೀಂದ್ರನಾಥರ ‘ನಟೀರ ಪೂಜಾ’ ನಾಟಕದಲ್ಲಿ ನಟಿಯ ಪಾತ್ರ ವಹಿಸಿ ನರ್ತಿಸಿದವರು ಅವರು. ನಾಟಕದ ಆ ವಸ್ತುವನ್ನು ತಂದೆ ಮುಂದೆ ಗೋಡೆಯ ಮೇಲೆಯೇ ಬರೆದರು. ಅಲ್ಪನಾ ಹಾಕುವುದರಲ್ಲಿ ಗೌರಿಯವರ ಕೈ ಶಾಂತಿನಿಕೇತನದಲ್ಲಿ ಹೆಸರಾಗಿತ್ತು. ನಮ್ಮ ಮನೆಗಳ ಮುಂದೆ ಬೆಳಗಾಗ ರಂಗವಲ್ಲಿ ಎಳೆಯುವ ಕೈಯ ಓಟವೇ ಅಲ್ಪನಾದ್ದೂ. ಸಂವಿಧಾನದ ಪುಟಗಳ ಅಂಚಿನಲ್ಲಿ ಸುತ್ತಿ ಸುಳಿದು ಸಾಗುವ ಬಳ್ಳಿಗಳನ್ನು ನೋಡುವ ಕನ್ನಡ ಗೃಹಿಣಿಗೆ ಅವು ಅಪರಿಚಿತವೆನ್ನಿಸಲಾರವು.

ದೀನಾನಾಥ ಭಾರ್ಗವರ ಪಾಲಿಗೆ ಬಂದದ್ದು ಅಶೋಕಸ್ತಂಭದ ಸಿಂಹಗಳು. ಕಲ್ಲಿನ ಸಿಂಹವನ್ನು ನೋಡಿ ಬರೆದರೆ ಸಾಲದು, ಜೀವಂತ ಸಿಂಹದ ಮುಖಭಾವ ತಿಳಿದಿರಬೇಕೆಂದು ಗುರುಗಳು ಹೇಳಿದ್ದರಿಂದ, ಅವರು ಕಲ್ಕತ್ತೆಯ ಮೃಗಾಲಯಕ್ಕೆ ಮತ್ತೆ ಮತ್ತೆ ಹೋಗಿ ಬೋನಿನ ಮುಂದೆ ನಿಂತು ಬರುತ್ತಿದ್ದರೆಂದು ಮನೆಯವರು ಹೇಳಿಕೊಂಡಿದ್ದಾರೆ.

1950ರ ಜನವರಿ 24ರಂದು ಸಂವಿಧಾನ ಸಭೆಯ 284 ಸದಸ್ಯರು ಈ ಪ್ರತಿಗಳ ಮೇಲೆ ಸಹಿ ಹಾಕಿದರು. ಬಳಿಕ ಡೆಹರಾಡೂನಿನ ಸರ್ವೆ ಆಫ್ ಇಂಡಿಯಾ ಕಛೇರಿಯಲ್ಲಿ ಫೋಟೊಲಿಥೊ ವಿಧಾನದಿಂದ 1000 ಪ್ರತಿಗಳು ಮುದ್ರಿತವಾದವು. ಮೂಲಪ್ರತಿಯನ್ನು ಗಾಳಿ ತಾಗದಂತೆ ಬೇರೊಂದು ಅನಿಲ ತುಂಬಿದ ವಿಶೇಷ ಪೆಟ್ಟಿಗೆಯಲ್ಲಿ ಸಂಸತ್ತಿನ ಗ್ರಂಥಾಲಯದಲ್ಲಿ ಇರಿಸಲಾಯಿತು.

ಎರಡು ದಾರಿ

ಆ ಪಡಿಯಚ್ಚಿನ ವಿವರವನ್ನು ಗ್ರಂಥಾಲಯಗಳ ಸೂಚಿಯಲ್ಲಿ ಹುಡುಕಿದರೆ ಲಿಪಿಕಾರರ ಹೆಸರು ಪೂರ್ತಿಯಾಗಿ ಸಿಗುತ್ತದೆ. ಅದರ ಪಕ್ಕದಲ್ಲಿ ‘ನಂದಲಾಲ ಬೋಸ್ ಮತ್ತು ಇತರ ಕಲಾವಿದರು’ ಎಂದಿರುತ್ತದೆ. ಪ್ರತಿ ಪುಟಕ್ಕೂ ಹೆಸರು ಬೇಡಿದ ರಾಯ್‌ಜಾದಾ ಅವರನ್ನು ಯಾರೂ ದೂರಲಾರರು. ಹಣವನ್ನು ಬಿಟ್ಟು ಹೆಸರನ್ನು ಕೇಳಿದ ಬಡಾಯಿಯಿಲ್ಲದ ಮನುಷ್ಯ ಆತ. ಆದರೆ ‘ಇತರ’ ಎಂಬ ಒಂದು ಮಾತಿನೊಳಗೆ ಎಷ್ಟು ಮಂದಿ ಮುಳುಗಿಹೋದರು! ಗುರುವಿನ ನೆರಳು ತಂಪಾದದ್ದು ನಿಜ. ನೆರಳಿನಲ್ಲಿ ನಿಂತವರ ಮುಖ ದೂರದಿಂದ ಕಾಣುವುದಿಲ್ಲವೆಂಬುದೂ ನಿಜ. ಅವರಲ್ಲಿ ಕೆಲವರ ಮನೆಯವರು ಎಷ್ಟೋ ವರ್ಷಗಳ ಮೇಲೆ ಇಂಥ ಪುಟ ನಮ್ಮವರದು ಎಂದು ಹೇಳಿಕೊಳ್ಳಬೇಕಾಗಿ ಬಂದದ್ದು ಇದರಿಂದಲೇ. ನಂದಲಾಲರು ಶಿಷ್ಯರಿಗೆ ಕೆಲಸವನ್ನು ಮನಸಾರೆ ಹಂಚಿದರು. ಹೆಸರನ್ನು ಹಂಚುವ ಕೆಲಸ ಮುಂದಿನವರದಾಗಿತ್ತು, ಅವರು ಅದನ್ನು ಅಷ್ಟು ಶ್ರದ್ಧೆಯಿಂದ ಮಾಡಲಿಲ್ಲ.

ಮೈಸೂರಿನ ವೆಂಕಟಪ್ಪನವರು ಹಿಡಿದದ್ದು ಇದಕ್ಕೆ ತೀರ ವಿರುದ್ಧವಾದ ದಾರಿ. ಕಲ್ಕತ್ತೆಯಿಂದ ಮರಳಿದ ಮೇಲೆ ಅವರು ಬಳಗ ಕಟ್ಟಲಿಲ್ಲ, ಮದುವೆಯಾಗಲಿಲ್ಲ, ಕುಂಚವನ್ನು ಇನ್ನೊಬ್ಬರ ಕೈಗೆ ಕೊಡಲಿಲ್ಲ. ವೀಣೆ ಶೇಷಣ್ಣನವರಲ್ಲಿ ವೀಣೆ ಕಲಿತರು. ಅದನ್ನೂ ಚಿತ್ರದಷ್ಟೇ ಕಠೋರ ನಿಷ್ಠೆಯಿಂದ ಸಾಧಿಸಿದರು. ಉದಕಮಂಡಲದ, ಕೊಡೈಕನಾಲಿನ ಬೆಟ್ಟಗಳನ್ನು, ಮಂಜನ್ನು, ಕೆರೆಯನ್ನು ಕೂದಲೆಳೆಯಷ್ಟೂ ತಪ್ಪದಂತೆ ಬರೆದ ಅವರ ಜಲವರ್ಣಚಿತ್ರಗಳಲ್ಲಿ ಬೇರೊಂದು ಕೈಯ ಸೋಂಕಿಲ್ಲ. ಅರಮನೆಗಾಗಿ ಮಾಡಿದ ಉಬ್ಬುಶಿಲ್ಪಗಳ ಸಂಭಾವನೆಯ ಪ್ರಶ್ನೆ ಎದ್ದಾಗ ಕಲಾವಿದನ ಹಕ್ಕಿಗಾಗಿ ಅವರು ನ್ಯಾಯಾಲಯದ ಮೆಟ್ಟಿಲನ್ನೂ ಹತ್ತಿದರು. ತಾನು ಮಾಡಿದ್ದು ತನ್ನದು ಎಂದು ಹೇಳುವ ಛಲ ಅವರಲ್ಲಿದ್ದಷ್ಟು ನಂದಲಾಲರಲ್ಲಿರಲಿಲ್ಲ. ಅವರ ಚಿತ್ರಗಳು ಚದುರಿಹೋಗದೆ ಉಳಿದು, 1975ರಲ್ಲಿ ಬೆಂಗಳೂರಿನ ಕಸ್ತೂರಬಾ ರಸ್ತೆಯಲ್ಲಿ ತೆರೆದ ವೆಂಕಟಪ್ಪ ಚಿತ್ರಶಾಲೆಗೆ ಆಧಾರವಾದದ್ದು ಆ ಛಲದ ಫಲ. ಅವರ ದಾರಿಯನ್ನು ಮುಂದುವರಿಸುವ ಶಿಷ್ಯಪರಂಪರೆಯೊಂದು ಶಾಂತಿನಿಕೇತನದಲ್ಲಿ ಬೆಳೆದಂತೆ ಇಲ್ಲಿ ಬೆಳೆಯದೆ ಹೋದದ್ದೂ ಬಹುಶಃ ಅದರ ಫಲವೇ.

ವೆಂಕಟಪ್ಪನವರು 1965ರಲ್ಲಿ ತೀರಿಕೊಂಡರು. ಮರುವರ್ಷ, 1966ರ ಏಪ್ರಿಲ್ 16ರಂದು, ನಂದಲಾಲರೂ ಕಣ್ಮುಚ್ಚಿದರು; ಲಿಪಿಕಾರ ರಾಯ್‌ಜಾದಾ ಅವರು ಹೋದದ್ದೂ ಅದೇ ವರ್ಷ. ನಂದಲಾಲರ ಆರು ಸಾವಿರಕ್ಕೂ ಮಿಕ್ಕಿದ ಕೃತಿಗಳು, ಹರಿಪುರದ ಫಲಕಗಳೂ ಸೇರಿದಂತೆ, ದೆಹಲಿಯ ರಾಷ್ಟ್ರೀಯ ಆಧುನಿಕ ಕಲಾಶಾಲೆಯನ್ನು ಸೇರಿದವು.

ಹಳೆಯ ಸಹಪಾಠಿಗಳಿಬ್ಬರೂ ಹೀಗೆ ಸಾವಿರ ಮೈಲಿಗಳ ಅಂತರದಲ್ಲಿ ಬೇರೆ ಬೇರೆ ಚಿತ್ರಶಾಲೆಗಳ ಪಾಲಾದರು. ನಿವೇದಿತಾ ಮತ್ತು ಕುಮಾರಸ್ವಾಮಿಯವರ ಆ 1913ರ ಪುಸ್ತಕದಲ್ಲಿ ಮಾತ್ರ ಅವರು ಇನ್ನೂ ಜತೆಯಲ್ಲಿದ್ದಾರೆ. 1967ರಲ್ಲಿ ನ್ಯೂಯಾರ್ಕಿನ ಡೋವರ್ ಸಂಸ್ಥೆ ಅದನ್ನು ಮರುಮುದ್ರಿಸಿತು. ಅದರ ಚಿತ್ರಪಟ್ಟಿಯಲ್ಲಿ ‘ಇತರ’ ಎಂಬ ಮಾತಿಲ್ಲ; ಯಾವ ಚಿತ್ರ ಯಾರದೆಂದು ಒಂದೊಂದಕ್ಕೂ ಹೆಸರಿದೆ.